ಅಕ್ಕನ ಪರೀಕ್ಷೆಗಾಗಿ ನಾನು ಓದಿದುದು

ಐಚ್ಛಿಕ ಕನ್ನಡ ಮತ್ತು ಮನಶ್ಶಾಸ್ತ್ರಗಳನ್ನು ಓದುತ್ತಿರುವ ಕಲಾ ವಿದ್ಯಾರ್ಥಿಯೊಬ್ಬನು ನರ್ಸುಗಳ ಪರೀಕ್ಷೆಯ ವಿಷಯವಾಗಿ ಲೇಖನ ಬರೆಯ ಹೊರಟಿರುವುದನ್ನು ಕಂಡು ವಾಚಕರು ನಗಬಹುದು. ನಗಲಿ, ಸಂಚಿಕೆಯ ಸಂಪಾದಕ ಮಿತ್ರರೂ ಮೊದಲು ನಕ್ಕರು. ಆದರೆ ಕಳೆದ ವರ್ಷದ ಐದು ತಿಂಗಳುಗಳಲ್ಲಿ ನಾನು ನನ್ನ ಪಠ್ಯಪುಸ್ತಕಗಳಿಗಿಂತ ಹೆಚ್ಚಾಗಿ ಓದಿದುದು ಅಮೆರಿಕದ ನರ್ಸುಗಳ ಪರವಾನಗಿ ಪರೀಕ್ಷೆಯ ಪ್ರಶ್ನೆಗಳನ್ನು. ಪರೀಕ್ಷೆಗೆ ಕುಳಿತವಳು ನನ್ನ ಅಕ್ಕ. ಯಾವ ತರಬೇತಿ ತರಗತಿಗೂ ಹೋಗದೆ, ಪಾಳಿಯ ಕೆಲಸ ಮಾಡಿಕೊಂಡೇ ಮನೆಯಲ್ಲಿ ಅವಳು ಹೇಗೆ ಸಿದ್ಧಳಾದಳೆಂಬುದನ್ನು ತಿಳಿಸಬೇಕೆಂದು ಈ ಬರೆಹ. ನಮ್ಮ ಸಹಪಾಠಿಗಳಲ್ಲಿ ಹಲವರ ಮನೆಗಳಲ್ಲಿ ಅಕ್ಕನೋ ಅತ್ತಿಗೆಯೋ ಚಿಕ್ಕಮ್ಮನೋ ನರ್ಸಾಗಿರುವರೆಂಬುದನ್ನು ನಾನು ಬಲ್ಲೆ.

ಮೊದಲು ಪರೀಕ್ಷೆಯ ಪರಿಚಯ. ನಮ್ಮಲ್ಲಿ ಜಿ.ಎನ್.ಎಂ. ಆಗಲಿ ಬಿ.ಎಸ್‌ಸಿ. ನರ್ಸಿಂಗ್ ಆಗಲಿ ಮುಗಿಸಿದವರು ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರನ್ನು ನೋಂದಾಯಿಸಿಕೊಂಡರೆ ಕೆಲಸಕ್ಕೆ ಅರ್ಹರಾದಂತೆ. ಅಮೆರಿಕದಲ್ಲಿ ಪದವಿಯೇ ಬೇರೆ, ಪರವಾನಗಿಯೇ ಬೇರೆ. ಅಲ್ಲಿಯೇ ಹುಟ್ಟಿ ಅಲ್ಲಿಯೇ ಓದಿದವರೂ ಪದವಿಯಾದ ಮೇಲೆ ಎನ್‌ಕ್ಲೆಕ್ಸ್ ಎಂಬ ಪರೀಕ್ಷೆಯಲ್ಲಿ ಉತ್ತೀರ್ಣರಾಗದೆ ರೋಗಿಯ ಮಂಚದ ಬಳಿಗೆ ಹೋಗುವಂತಿಲ್ಲ. ಅಲ್ಲಿನ ಒಂದೊಂದು ರಾಜ್ಯಕ್ಕೂ ತನ್ನದೇ ಆದ ನರ್ಸಿಂಗ್ ಮಂಡಳಿಯಿದೆ. ಆ ಮಂಡಳಿಗಳೆಲ್ಲ ಸೇರಿ ೧೯೭೮ರಲ್ಲಿ ಒಂದು ರಾಷ್ಟ್ರೀಯ ಪರಿಷತ್ತನ್ನು ಕಟ್ಟಿಕೊಂಡವು. ಚಿಕಾಗೋ ನಗರದಲ್ಲಿರುವ ಈ ಪರಿಷತ್ತೇ ಪರೀಕ್ಷೆಯನ್ನು ನಡೆಸತಕ್ಕದ್ದು. ಹಿಂದೆ ವರ್ಷಕ್ಕೆ ಎರಡೇ ಬಾರಿ, ಎರಡು ದಿನಗಳ ಕಾಲ, ಕಾಗದ ಪೆನ್ಸಿಲುಗಳಿಂದ ನಡೆಯುತ್ತಿದ್ದ ಪರೀಕ್ಷೆ ೧೯೯೪ರಲ್ಲಿ ಕಂಪ್ಯೂಟರಿಗೆ ಬದಲಾಯಿತು. ೨೦೦೫ರಲ್ಲಿ ಲಂಡನ್, ಸೋಲ್, ಹಾಂಗ್‌ಕಾಂಗ್‌ಗಳಲ್ಲಿ ಮೊದಲ ಹೊರದೇಶದ ಕೇಂದ್ರಗಳು ತೆರೆದವು. ಈಗ ಬೆಂಗಳೂರಿನಲ್ಲಿಯೇ ಕುಳಿತು ಬರೆಯಬಹುದು. ೨೦೧೫ರಿಂದ ಕೆನಡಾ ದೇಶದ ಬಹುಪಾಲು ಪ್ರಾಂತ್ಯಗಳೂ ಇದೇ ಪರೀಕ್ಷೆಯನ್ನು ಒಪ್ಪಿಕೊಂಡಿವೆ.

ಬೆಂಗಳೂರಿನಲ್ಲಿ ಇದಕ್ಕೆ ತರಬೇತಿ ಕೊಡುವವರಿಗೇನೂ ಬರವಿಲ್ಲ. ಅಕ್ಕ ಒಂದು ಕಡೆ ಹೋಗಿ ವಿಚಾರಿಸಿಕೊಂಡು ಬಂದಳು. ಅವರು ಹೇಳಿದ ಶುಲ್ಕ ಅವಳ ಮೂರು ತಿಂಗಳ ಸಂಬಳಕ್ಕೆ ಸಮನಾಗಿದ್ದಿತು. ಅವಳ ನರ್ಸಿಂಗ್ ಓದಿಗೆಂದು ಮಾಡಿದ ಬ್ಯಾಂಕಿನ ಸಾಲ ಇನ್ನೂ ಅರ್ಧ ಉಳಿದಿದ್ದಿತು. ಪರೀಕ್ಷೆಗೇ ೨೦೦ ಡಾಲರು, ಹೊರದೇಶದಲ್ಲಿ ಬರೆಯುವುದಕ್ಕೆ ಮೇಲೆ ೧೫೦ ಡಾಲರು, ಅದರ ಮೇಲೆ ತೆರಿಗೆ. ರಾಜ್ಯ ಮಂಡಳಿಯ ಅರ್ಜಿ, ಪದವಿಪತ್ರಗಳ ಪರಿಶೀಲನೆ ಇವುಗಳ ಖರ್ಚು ಬೇರೆ. ಒಮ್ಮೆ ತಪ್ಪಿದರೆ ೪೫ ದಿನ ಕಾಯಬೇಕು, ಶುಲ್ಕವನ್ನು ಮೊದಲಿನಿಂದ ಕಟ್ಟಬೇಕು. ಎರಡನೆಯ ಬಾರಿ ಕಟ್ಟುವ ಶಕ್ತಿ ನಮ್ಮ ಮನೆಗಿರಲಿಲ್ಲ.

“ದುಡ್ಡು ಹೇಗೋ ಹೊಂದಿಸಬಹುದು ಕಣೋ, ದಿನಾ ಸಂಜೆ ಆರು ಗಂಟೆಗೆ ಅಲ್ಲಿ ಹೋಗಿ ಕೂರೋದು ಹೇಗೆ? ನೈಟ್ ಡ್ಯೂಟಿ ವಾರ ಏನ್ ಮಾಡ್ಲಿ?” ಎಂದಳು. ಹಣವನ್ನು ಹೇಗೂ ಹೊಂದಿಸಲಾಗುತ್ತಿರಲಿಲ್ಲವೆಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತರಗತಿಯ ಮಾತು ಅಲ್ಲಿಗೆ ನಿಂತಿತು.

ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳನ್ನು ಸುತ್ತಿ, ಸಾಂಡರ್ಸ್ ಹೆಸರಿನ ದಪ್ಪ ಪುಸ್ತಕವೊಂದನ್ನು ತಂದೆವು. ಅಕ್ಕ ಅದನ್ನು ಮೊದಲ ಪುಟದಿಂದ, ನಾಲ್ಕು ವರ್ಷ ಕಾಲೇಜಿನಲ್ಲಿ ಓದಿದ ಹಾಗೆಯೇ, ಹಳದಿ ಬಣ್ಣದಿಂದ ಸಾಲುಗಳಿಗೆ ಗುರುತು ಹಾಕುತ್ತ ಓದತೊಡಗಿದಳು. ಮೂರು ವಾರವಾಯಿತು. ಪುಸ್ತಕವೆಲ್ಲ ಅರಿಸಿನದ ಬಣ್ಣವಾಯಿತೇ ಹೊರತು, ಹಿಂದಿನ ವಾರ ಓದಿದ ಅಧ್ಯಾಯದಿಂದ ಹತ್ತು ಪ್ರಶ್ನೆ ಕೇಳಿದರೆ ಐದು ತಪ್ಪಾಗುತ್ತಿದ್ದವು.

ಇಲ್ಲಿ ನನ್ನ ಮನಶ್ಶಾಸ್ತ್ರ ಸ್ವಲ್ಪ ಉಪಯೋಗಕ್ಕೆ ಬಂದಿತೆಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಜರ್ಮನಿಯ ಎಬ್ಬಿಂಗ್‌ಹೌಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತವೆಂದು ಅಳೆದು ೧೮೮೫ರಲ್ಲಿ ಪ್ರಕಟಿಸಿದ ಸಂಗತಿ ನಮ್ಮ ತರಗತಿಯವರಿಗೆಲ್ಲ ತಿಳಿದುದೇ. ಅದಕ್ಕಿಂತ ಈಚಿನದು, ೨೦೦೬ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ನಡೆಸಿದ ಪ್ರಯೋಗ. ಒಂದು ಗದ್ಯಭಾಗವನ್ನು ಕೆಲವರು ಮತ್ತೆ ಮತ್ತೆ ಓದಿದರು. ಕೆಲವರು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದುದನ್ನು ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಕೇಳಿದಾಗ ಬರೆದವರು ಅವರನ್ನು ಹಿಂದಿಕ್ಕಿದ್ದರು. ಮತ್ತೆ ಮತ್ತೆ ಓದುವವನಿಗೆ ತನಗೆ ಬರುತ್ತದೆಂಬ ನಂಬಿಕೆ ಬಲಿಯುವುದು, ವಿಷಯ ಉಳಿಯದು. ಈ ಮಾತನ್ನು ಅಕ್ಕನಿಗೆ ಹೇಳಿದಾಗ, “ಹಾಗಾದ್ರೆ ನೀನೇ ಕೇಳು, ನಾನು ಹೇಳ್ತೀನಿ” ಎಂದು ಪುಸ್ತಕವನ್ನು ನನ್ನ ತೊಡೆಯ ಮೇಲೆ ಹಾಕಿದಳು. ಆ ಹೊತ್ತಿನಿಂದ ನಾನು ಪರೀಕ್ಷಕನಾದೆ.

ಪರೀಕ್ಷಕನಾದವನಿಗೆ ಏನನ್ನು ಕೇಳಬೇಕೆಂಬುದು ತಿಳಿದಿರಬೇಕಷ್ಟೆ. ಪರಿಷತ್ತು ತನ್ನ ಪರೀಕ್ಷೆಯ ಯೋಜನೆಯನ್ನು ಉಚಿತವಾಗಿಯೇ ಪ್ರಕಟಿಸುತ್ತದೆ. ಮೂರು ವರ್ಷಗಳಿಗೊಮ್ಮೆ ತಿದ್ದುತ್ತದೆ. ಶರೀರರಚನೆ, ಸೂಕ್ಷ್ಮಜೀವಿಶಾಸ್ತ್ರ ಎಂಬಂಥ ಶೀರ್ಷಿಕೆಗಳು ಅದರಲ್ಲಿಲ್ಲ. ರೋಗಿಗೆ ಏನು ಬೇಕು ಎಂಬುದರ ಮೇಲೆ ವಿಭಾಗಗಳಾಗಿವೆ. ಎಲ್ಲಕ್ಕೂ ದೊಡ್ಡದು ಆರೈಕೆಯ ನಿರ್ವಹಣೆ, ಎಂದರೆ ಯಾರನ್ನು ಮೊದಲು ನೋಡಬೇಕು, ಯಾವ ಕೆಲಸವನ್ನು ಯಾರಿಗೆ ಒಪ್ಪಿಸಬೇಕು ಎಂಬುದು: ಶೇಕಡಾ ೧೫ರಿಂದ ೨೧. ಔಷಧಗಳದು ೧೩ರಿಂದ ೧೯. ಅಕ್ಕ ಮೂರು ವಾರ ತಲೆಕೆಡಿಸಿಕೊಂಡಿದ್ದುದು ಮೂಳೆಗಳ ಹೆಸರುಗಳ ಮೇಲೆ.

ಮೊದಲನೆಯ ದಿನ ಕೇಳಿದಂಥ ಪ್ರಶ್ನೆಯೊಂದನ್ನು ನನ್ನ ಮಾತಿನಲ್ಲಿ ಕೊಡುತ್ತೇನೆ. ನಾಲ್ವರು ರೋಗಿಗಳಿದ್ದಾರೆ. ಒಬ್ಬರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡು ದಿನ, ಹತ್ತಕ್ಕೆ ಏಳರಷ್ಟು ನೋವು. ಇನ್ನೊಬ್ಬರು ಸಕ್ಕರೆ ಕಾಯಿಲೆಯವರು, ಊಟಕ್ಕೆ ಮುಂಚೆ ರಕ್ತದ ಸಕ್ಕರೆ ೧೮೦. ಮೂರನೆಯವರಿಗೆ ಬಹುಕಾಲದ ಶ್ವಾಸಕೋಶದ ಕಾಯಿಲೆ, ಆಮ್ಲಜನಕ ಶೇಕಡಾ ೯೦. ನಾಲ್ಕನೆಯವರಿಗೆ ಬೆಳಗ್ಗೆ ಥೈರಾಯಿಡ್ ಶಸ್ತ್ರಚಿಕಿತ್ಸೆಯಾಗಿದೆ, ಈಗ ದನಿ ಒಡೆಯುತ್ತಿದೆ, ಉಸಿರೆಳೆದುಕೊಳ್ಳುವಾಗ ಸದ್ದಾಗುತ್ತಿದೆ. ಯಾರನ್ನು ಮೊದಲು ನೋಡುವಿರಿ?

“ನೋವಿರೋರನ್ನ” ಎಂದಳು ಅಕ್ಕ, ಯೋಚಿಸದೆ. ಅದು ತಪ್ಪು. ಏಕೆ ಹಾಗೆಂದೆ ಎಂದು ಕೇಳಿದರೆ, “ನಮ್ಮ ವಾರ್ಡಲ್ಲಿ ಯಾರು ಹೆಚ್ಚು ಕೂಗ್ತಾರೋ, ಯಾರ ಕಡೆಯೋರು ಬಂದು ಡೆಸ್ಕ್ ಬಡೀತಾರೋ, ಅವರ ಹತ್ರ ಮೊದಲು ಹೋಗ್ತೀವಿ” ಎಂದು ನಕ್ಕಳು. ಉತ್ತರ ನಾಲ್ಕನೆಯವರು. ಕೊರಳಲ್ಲಿ ಊತವೋ ರಕ್ತವೋ ಸೇರಿ ಉಸಿರಿನ ದಾರಿ ಮುಚ್ಚುತ್ತಿರಬಹುದು. ಮುಚ್ಚಿಕೊಂಡರೆ ಕೆಲವೇ ನಿಮಿಷಗಳ ಮಾತು. ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ ಎಂಬ ಕ್ರಮ ಅಕ್ಕನಿಗೆ ತಿಳಿಯದುದೇನೂ ಅಲ್ಲ. ಮೂರನೆಯವರ ೯೦ ಎಂಬ ಅಂಕಿಯಾದರೂ ಹೊಸಬರನ್ನು ಎಡವಿಸುವುದಕ್ಕೆ ಇಟ್ಟದ್ದು. ಆ ಕಾಯಿಲೆಯವರಲ್ಲಿ ೮೮ರಿಂದ ೯೨ ಇರುವುದು ನಿರೀಕ್ಷಿತ. ಎಲ್ಲರೂ ಕಾಯಿಲೆಯವರೇ ಆಗಿರುವಾಗ, ಯಾರಿಗೆ ಅನಿರೀಕ್ಷಿತವಾದುದು ಆಗುತ್ತಿದೆಯೆಂದು ಹುಡುಕಬೇಕು.

ಇನ್ನೊಂದು ಪ್ರಶ್ನೆ ನಮ್ಮಿಬ್ಬರ ಕಣ್ಣನ್ನೂ ತೆರೆಯಿಸಿತು. ರೋಗಿಗೆ ರಕ್ತ ಕೊಡುತ್ತಿರುವಾಗ ಚಳಿ ಜ್ವರ ಬರುತ್ತದೆ. ನರ್ಸು ಮೊದಲು ಮಾಡಬೇಕಾದುದೇನು? “ಡಾಕ್ಟರಿಗೆ ತಿಳಿಸೋದು” ಎಂದಳು. ಮತ್ತೆ ತಪ್ಪು: ಮೊದಲು ರಕ್ತವನ್ನು ನಿಲ್ಲಿಸಬೇಕು. ಅಕ್ಕ ಕೆರಳಿದಳು. “ನಿಲ್ಲಿಸದೆ ಯಾರಾದ್ರೂ ಫೋನ್ ಮಾಡ್ತಾರೇನೋ? ಮಾತಾಡೋವಾಗಲೇ ಕೈ ಕ್ಲ್ಯಾಂಪ್ ಮುಚ್ಚಿರುತ್ತೆ!” ನಿಜವೇ. ಅವಳ ಕೈಗೆ ಅದು ಗೊತ್ತಿದ್ದಿತು. ಆದರೆ ವರ್ಷಗಟ್ಟಲೆ “ಡಾಕ್ಟರನ್ನು ಕೇಳಿದೆಯಾ?” ಎಂಬ ಮಾತನ್ನೇ ಕೇಳಿಸಿಕೊಂಡ ಬಾಯಿ ಬೇರೆ ಉತ್ತರವನ್ನು ಹೇಳುತ್ತಿದ್ದಿತು. ಅಮೆರಿಕದ ಈ ಪರೀಕ್ಷೆ ನರ್ಸನ್ನು ತಾನೇ ನಿರ್ಧರಿಸುವವಳೆಂದು ಎಣಿಸುತ್ತದೆ. ವೈದ್ಯರಿಗೆ ತಿಳಿಸುವುದು ಎಷ್ಟೋ ವೇಳೆ ಸರಿಯೇ. ಆದರೆ ಅದಕ್ಕೆ ಮುಂಚೆ ನರ್ಸು ಮಾಡಬಹುದಾದ, ಮಾಡಲೇಬೇಕಾದ ಕೆಲಸವೊಂದು ಉಳಿದಿದ್ದರೆ ಅದೇ ಉತ್ತರ. ಅಂದಿನಿಂದ ಅವಳು ಪ್ರಶ್ನೆ ಕೇಳಿದ ಕೂಡಲೇ ಕಣ್ಣು ಮುಚ್ಚಿ, ತಾನು ಮಂಚದ ಪಕ್ಕದಲ್ಲಿ ನಿಂತಂತೆ ಭಾವಿಸಿಕೊಂಡು, ತನ್ನ ಕೈ ಮೊದಲು ಎಲ್ಲಿಗೆ ಹೋಗುವುದೆಂದು ನೋಡುವುದನ್ನು ರೂಢಿಮಾಡಿಕೊಂಡಳು. ತರಬೇತಿಯವರು ಇದನ್ನು ಕಲಿಸುವರೋ ಇಲ್ಲವೋ ಅರಿಯೆ. ನಮಗೆ ಅದರಿಂದಾದಷ್ಟು ಪ್ರಯೋಜನ ಬೇರಾವುದರಿಂದಲೂ ಆಗಲಿಲ್ಲ.

ಕೆಲಸ ಹಂಚುವ ಪ್ರಶ್ನೆಗಳಲ್ಲಿ ಮಾತ್ರ ಅವಳ ಅನುಭವ ನೆರವಾಗಲಿಲ್ಲ, ಅಡ್ಡಿಯೇ ಆಯಿತು. ಅಲ್ಲಿನ ವಾರ್ಡಿನಲ್ಲಿ ನೋಂದಾಯಿತ ನರ್ಸು, ಅವಳ ಕೈಕೆಳಗೆ ಕಡಿಮೆ ಅವಧಿಯ ಶಿಕ್ಷಣ ಪಡೆದ ಪರವಾನಗಿಯ ನರ್ಸು, ಅವರ ಕೆಳಗೆ ಸಹಾಯಕರು ಎಂದು ಮೂರು ಮೆಟ್ಟಿಲು. ಸ್ಥಿರವಾಗಿರುವ ರೋಗಿಗೆ ಸ್ನಾನ ಮಾಡಿಸುವುದು, ನಾಡಿ ಜ್ವರ ನೋಡಿ ಬರೆಯುವುದು ಸಹಾಯಕರಿಗೆ ಸಲ್ಲುತ್ತದೆ. ಹೊಸದಾಗಿ ಸೇರಿದ ರೋಗಿಯ ಮೊದಲ ಪರಿಶೀಲನೆ, ಮನೆಗೆ ಹೋಗುವವರಿಗೆ ಮೊದಲ ಬಾರಿ ತಿಳಿವಳಿಕೆ ಕೊಡುವುದು, ಸ್ಥಿತಿ ಕ್ಷಣಕ್ಷಣಕ್ಕೂ ಬದಲಾಗುತ್ತಿರುವವರ ಆರೈಕೆ, ಇವು ನೋಂದಾಯಿತ ನರ್ಸಿನವೇ. ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ಊಟ ಮಾಡಿಸುವವಳು ರೋಗಿಯ ಹೆಂಡತಿ, ಕಾಲೊತ್ತುವವಳು ಅತ್ತೆ, ಡ್ರಿಪ್ ಮುಗಿಯಿತೆಂದು ಓಡಿಬಂದು ಹೇಳುವವನು ಮೈದುನ. ಈ ಬಂಧುಬಳಗವೆಲ್ಲ ಆ ಪರೀಕ್ಷೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಪುಸ್ತಕದೊಳಗಿನ ಆಸ್ಪತ್ರೆಯಲ್ಲಿ ಸಾಮಾನಿಗೆ ಕೊರತೆಯಿಲ್ಲ, ನರ್ಸಿಗೆ ಆ ಪ್ರಶ್ನೆಯಲ್ಲಿರುವ ರೋಗಿಗಳ ಹೊರತು ಬೇರೆ ರೋಗಿಗಳಿಲ್ಲ. “ಒಂದು ದಿನ ಆ ಆಸ್ಪತ್ರೆಲಿ ಕೆಲಸ ಮಾಡ್ಬೇಕು ಕಣೋ” ಎಂದು ಅಕ್ಕ ಆಗಾಗ ಹೇಳುತ್ತಿದ್ದಳು.

ಔಷಧಗಳ ಹೆಸರು ಬೇರೊಂದು ಕಾಟ. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೊಫೆನ್. ಅಡ್ರಿನಲಿನ್ ಎಪಿನೆಫ್ರಿನ್ ಆಗುತ್ತದೆ, ಸಾಲ್ಬುಟಮಾಲ್ ಆಲ್ಬ್ಯುಟೆರಾಲ್, ಪೆಥಿಡಿನ್ ಮೆಪೆರಿಡಿನ್, ಲಿಗ್ನೊಕೇನ್ ಲಿಡೊಕೇನ್. ವಾರ್ಡಿನಲ್ಲಿ ದಿನಕ್ಕೆ ಇಪ್ಪತ್ತು ಬಾರಿ ಹೇಳುವ ಲಾಸಿಕ್ಸ್ ಎಂಬ ಕಂಪನಿಯ ಹೆಸರು ಪರೀಕ್ಷೆಯಲ್ಲಿ ಬಾರದು. ಫ್ಯುರೋಸಮೈಡ್ ಎಂದೇ ಇರುತ್ತದೆ. ಇದಕ್ಕೆ ನನ್ನ ಕನ್ನಡ ವ್ಯಾಕರಣ ಕೈಕೊಟ್ಟು ಎತ್ತಿತೆಂದರೆ ನಮ್ಮ ಕನ್ನಡದ ಮೇಷ್ಟರು ನಂಬಲಿಕ್ಕಿಲ್ಲ. ಔಷಧಗಳಿಗೂ ಪ್ರತ್ಯಯಗಳಿವೆ! ‘ಪ್ರಿಲ್’ ಎಂದು ಮುಗಿಯುವುವು ರಕ್ತದೊತ್ತಡವನ್ನು ಇಳಿಸುವಂಥವು. ಒಣಕೆಮ್ಮು ತರಬಹುದು, ರಕ್ತದ ಪೊಟ್ಯಾಸಿಯಂ ಏರಬಹುದು. ‘ಒಲಾಲ್’ ಎಂದು ಮುಗಿಯುವುವು ಹೃದಯದ ಬಡಿತವನ್ನು ನಿಧಾನಗೊಳಿಸುತ್ತವೆ. ಉಬ್ಬಸದವರಿಗೆ ಕೊಡುವಾಗ ಎಚ್ಚರ ಬೇಕು. ‘ಸ್ಟಾಟಿನ್’ಗಳು ಕೊಬ್ಬಿಗೆ, ಸ್ನಾಯುನೋವು ಬಂದರೆ ತಿಳಿಸಬೇಕು. ಕೇಶಿರಾಜನು ಕಂಡಿದ್ದರೆ ಒಂದು ಸೂತ್ರವನ್ನೇ ಬರೆಯುತ್ತಿದ್ದನೇನೋ. ಅಡಿಗೆಮನೆಯ ಗೋಡೆಗೆ ಅಂಟಿಸಿದ ಈ ಪ್ರತ್ಯಯಪಟ್ಟಿಯನ್ನು ಅಮ್ಮನೂ ಅರ್ಧ ಕಲಿತಳು.

ದಿನಕ್ಕೆ ಎಷ್ಟು ಪ್ರಶ್ನೆ ಎಂದು ಕೇಳುವವರಿಗೆ ನನ್ನ ಉತ್ತರ ಅವರಿಗೆ ಹಿಡಿಸುವುದಿಲ್ಲ. ನಾವು ಮೂವತ್ತಕ್ಕಿಂತ ಹೆಚ್ಚು ಮಾಡಿದ ದಿನಗಳು ಕಡಮೆ. ಉತ್ತರಿಸಲು ಒಂದು ಗಂಟೆ ಹಿಡಿದರೆ, ಸರಿಯುತ್ತರ ಏಕೆ ಸರಿ, ಉಳಿದವು ಏಕೆ ತಪ್ಪು ಎಂದು ನನಗೆ, ಏನೂ ಅರಿಯದ ಕಲಾ ವಿದ್ಯಾರ್ಥಿಗೆ, ಅರ್ಥವಾಗುವಂತೆ ಹೇಳಲು ಎರಡು ಗಂಟೆ ಹಿಡಿಯುತ್ತಿದ್ದಿತು. ನನಗೆ ಅರ್ಥವಾಗದಿದ್ದರೆ ಅವಳಿಗೂ ಪೂರ್ತಿ ಅರ್ಥವಾಗಿಲ್ಲವೆಂದೇ ಲೆಕ್ಕ. ತಪ್ಪುಗಳಿಗೊಂದು ನೋಟುಪುಸ್ತಕ ಇಟ್ಟೆವು. ವಿಷಯ ಗೊತ್ತಿರಲಿಲ್ಲವೇ, ಪ್ರಶ್ನೆಯನ್ನು ಸರಿಯಾಗಿ ಓದಲಿಲ್ಲವೇ, ಗೊತ್ತಿದ್ದೂ ತಪ್ಪಾಗಿ ಆರಿಸಿದೆಯೇ ಎಂದು ಮೂರು ಅಂಕಣ. ತಿಂಗಳ ಕೊನೆಯಲ್ಲಿ ಎಣಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಗೆರೆಗಳು ಮೂರನೆಯ ಅಂಕಣದಲ್ಲಿದ್ದವು! ಗೊತ್ತಿಲ್ಲದ ವಿಷಯಕ್ಕೆ ಯಾರಾದರೂ ಪಾಠ ಹೇಳಬಹುದು. ಗೊತ್ತಿದ್ದೂ ತಪ್ಪುವವರಿಗೆ ಪಾಠ ಹೇಳಿ ಆಗುವುದೇನು? ಆ ಅಂಕಣವನ್ನು ನೋಡಿದ ದಿನವೇ ತರಗತಿಗೆ ಹೋಗಲಾರದ ಕೊರಗು ಅಕ್ಕನಿಗೆ ಕಳೆದುದು.

ನಮ್ಮ ಹಳೆಯ ಪುಸ್ತಕದಿಂದ ಒಂದು ಪೆಟ್ಟೂ ತಿಂದೆವು. ೨೦೨೩ರ ಏಪ್ರಿಲಿನಿಂದ ಪರೀಕ್ಷೆಯ ರೂಪ ಬದಲಾಗಿದೆ. ಒಬ್ಬನೇ ರೋಗಿಯ ದಾಖಲೆಯನ್ನು ಕೊಟ್ಟು ಅದರ ಮೇಲೆ ಆರು ಪ್ರಶ್ನೆ ಕೇಳುತ್ತಾರೆ: ಗಮನಿಸಬೇಕಾದ ಲಕ್ಷಣ ಯಾವುದು, ಅದರ ಅರ್ಥವೇನು, ಯಾವ ಊಹೆ ಮುಖ್ಯ, ಏನೇನು ಮಾಡಬಹುದು, ಏನನ್ನು ಮಾಡುವಿರಿ, ಮಾಡಿದ ಮೇಲೆ ಗುಣ ಕಂಡಿತೇ. ಇಂಥವು ಪ್ರತಿಯೊಬ್ಬರಿಗೂ ಕಡೆಯ ಪಕ್ಷ ಮೂರು ಇರುತ್ತವೆ. ಅಂಕ ಕೊಡುವ ರೀತಿಯೂ ಬದಲಾಯಿತು. ಹಲವು ಉತ್ತರಗಳನ್ನು ಆರಿಸುವ ಪ್ರಶ್ನೆಗೆ ಹಿಂದೆ ಪೂರ್ಣಾಂಕ, ಇಲ್ಲವೇ ಸೊನ್ನೆ. ಈಗ ಸರಿಯಾದಷ್ಟಕ್ಕೆ ಅಂಕ, ತಪ್ಪು ಆರಿಸಿದರೆ ಕಡಿತ. ಎಲ್ಲವನ್ನೂ ಒತ್ತಿಬಿಡುವ ಜಾಣತನ ನಡೆಯದು. ನಮ್ಮ ಹಳೆಯ ಪುಸ್ತಕದಲ್ಲಿ ಇದಾವುದೂ ಇರಲಿಲ್ಲ. ಹೊಸ ಮುದ್ರಣವೊಂದನ್ನು ಅಕ್ಕನ ಸಹೋದ್ಯೋಗಿಯೊಬ್ಬರಿಂದ ಎರಡು ತಿಂಗಳಿಗೆಂದು ಕಡ ತಂದೆವು. ರಾತ್ರಿ ಪಾಳಿಗೆ ಹೋಗುವ ಮುನ್ನ ಅವಳು ತಲೆ ಬಾಚಿಕೊಳ್ಳುತ್ತಿದ್ದರೆ ನಾನು ದಾಖಲೆಯನ್ನು ಓದಿಹೇಳುವೆ. ನನ್ನ ರಕ್ತದ ಗುಂಪು ಯಾವುದೆಂದು ನನಗೆ ಇಂದಿಗೂ ತಿಳಿಯದು. ಆದರೆ ಪೊಟ್ಯಾಸಿಯಂ ೩.೫ರಿಂದ ೫.೦ರೊಳಗಿರಬೇಕೆಂಬುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ.

ಇನ್ನು ಯಂತ್ರದ ವಿಚಾರ. ಇದನ್ನು ಅರಿಯದೆ ಹೋದವರು ಅಲ್ಲಿ ಧೈರ್ಯಗೆಡುತ್ತಾರಾದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆಯಿಲ್ಲ. ಅಂಗಡಿಯವನು ಬೆಲ್ಲದ ಉಂಡೆಯನ್ನು ತಕ್ಕಡಿಯಲ್ಲಿಟ್ಟು, ಇನ್ನೊಂದು ತಟ್ಟೆಗೆ ಕಲ್ಲು ಹಾಕಿ, ಹೆಚ್ಚಾದರೆ ತೆಗೆದು, ಕಡಿಮೆಯಾದರೆ ಸೇರಿಸಿ, ಮುಳ್ಳು ನಿಲ್ಲುವವರೆಗೆ ನೋಡುವುದಿಲ್ಲವೇ? ಹಾಗೆಯೇ ಯಂತ್ರವು ಸರಿಯುತ್ತರಕ್ಕೆ ಇನ್ನೂ ಕಠಿಣವಾದ ಪ್ರಶ್ನೆಯನ್ನೂ, ತಪ್ಪಿಗೆ ಸುಲಭವಾದುದನ್ನೂ ಕೊಡುತ್ತ ಅಭ್ಯರ್ಥಿಯ ತೂಕವನ್ನು ಹಿಡಿಯುತ್ತದೆ. ಡೆನ್ಮಾರ್ಕಿನ ಗಣಿತಜ್ಞ ರಾಶ್ ಎಂಬಾತನು ೧೯೬೦ರಲ್ಲಿ ಪ್ರಕಟಿಸಿದ ಗಣಿತ ಇದರ ಹಿಂದಿದೆ. ಕನಿಷ್ಠ ೮೫ ಪ್ರಶ್ನೆ, ಗರಿಷ್ಠ ೧೫೦, ಒಟ್ಟು ಐದು ಗಂಟೆ. ಅವುಗಳಲ್ಲಿ ೧೫ ಪ್ರಶ್ನೆಗಳು ಮುಂದಿನ ಪರೀಕ್ಷೆಗಳಿಗಾಗಿ ಪ್ರಯೋಗಕ್ಕೆ ಇಟ್ಟವು, ಅಂಕವಿಲ್ಲ. ಅವು ಯಾವುವೆಂದು ತಿಳಿಯದು. ಅಭ್ಯರ್ಥಿ ಗೆರೆಯ ಮೇಲಿರುವಳೋ ಕೆಳಗಿರುವಳೋ ಎಂದು ಯಂತ್ರಕ್ಕೆ ಶೇಕಡಾ ೯೫ರಷ್ಟು ನಿಶ್ಚಯವಾದೊಡನೆ, ೮೫ ದಾಟಿದ್ದರೆ, ಪರೀಕ್ಷೆ ತಾನಾಗಿ ನಿಲ್ಲುತ್ತದೆ. ಬೇಗ ನಿಂತಿತೆಂದರೆ ಉತ್ತೀರ್ಣರೆಂದೂ ಅಲ್ಲ, ಅನುತ್ತೀರ್ಣರೆಂದೂ ಅಲ್ಲ. ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ. ತೂಕ ನಿಲ್ಲುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ಸರಿ, ಒಂದು ತಪ್ಪು ಎಂಬ ಹದಕ್ಕೆ ಪ್ರಶ್ನೆಗಳು ಬಂದಿರುತ್ತವಾದ್ದರಿಂದ, ಬಲ್ಲವರಿಗೂ ಅಲ್ಲಿ ಸೋಲುತ್ತಿರುವಂತೆಯೇ ಅನಿಸುವುದು ಸಹಜ.

ತರಗತಿಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಮದುವೆ ಮಕ್ಕಳೆಂದು ಆರೇಳು ವರ್ಷ ವಾರ್ಡನ್ನು ಬಿಟ್ಟಿದ್ದವರಿಗೆ, ಇಂಗ್ಲಿಷಿನ ಉದ್ದ ವಾಕ್ಯಗಳನ್ನು ಓದುವುದು ನಿಧಾನವಾದವರಿಗೆ, ಎದುರಿಗೆ ಕುಳಿತು ಪ್ರಶ್ನೆ ಕೇಳಲು ಮನೆಯಲ್ಲಿ ಯಾರೂ ಇಲ್ಲದವರಿಗೆ ಅವುಗಳಿಂದ ಉಪಕಾರವಾದೀತು. ಆದರೆ ‘ನಿಜವಾದ ಪರೀಕ್ಷೆಯಲ್ಲಿ ಬಂದ ಪ್ರಶ್ನೆಗಳು’ ಎಂದು ಮಾರುವವರ ಬಳಿಗೆ ಮಾತ್ರ ಹೋಗಬಾರದು. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಒಪ್ಪಿಕೊಂಡಲ್ಲದೆ ಯಾರೂ ಆ ಪರೀಕ್ಷೆಗೆ ಕೂರುವಂತಿಲ್ಲ. ಮುರಿದವರ ಫಲಿತಾಂಶವೇ ರದ್ದಾಗಬಹುದು.

ಪರೀಕ್ಷೆಯ ದಿನ ನಾನೂ ಜೊತೆಗೆ ಹೋದೆ. ಪಾಸ್‌ಪೋರ್ಟ್ ನೋಡಿ, ಅಂಗೈಯ ರಕ್ತನಾಳಗಳ ಗುರುತನ್ನು ಯಂತ್ರದಲ್ಲಿ ಹಿಡಿದು, ಅಳಿಸಿ ಬರೆಯಬಹುದಾದ ಹಲಗೆಯೊಂದನ್ನು ಕೊಟ್ಟು ಒಳಗೆ ಬಿಟ್ಟರಂತೆ. ನಾನು ಎದುರಿನ ಹೋಟೆಲಿನಲ್ಲಿ ಮೂರು ಕಾಫಿ ಕುಡಿದೆ. ಮೂರು ಗಂಟೆಯ ಮೇಲೆ ಅವಳು ಹೊರಗೆ ಬಂದಾಗ ಮುಖ ಬಾಡಿದ್ದಿತು. “ನೂರಾ ಹತ್ತಕ್ಕೆ ನಿಂತುಹೋಯ್ತು. ಒಂದೂ ಸರಿಯಾಗಿ ಬರೆದಿಲ್ಲ ಅನ್ನಿಸ್ತಿದೆ ಕಣೋ.” ಬೆಲ್ಲದ ಉಂಡೆಯ ಮಾತನ್ನು ನೆನಪಿಸಹೋದೆ. “ಸುಮ್ನೆ ಬಾಯಿ ಮುಚ್ಚು, ಹಸಿವಾಗ್ತಿದೆ” ಎಂದಳು. ದೋಸೆ ತಿನ್ನುವಾಗಲೂ ಮಾತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕುಳಿತಳು. ಅಳುತ್ತಿದ್ದಳೋ ಏನೋ, ನಾನು ನೋಡಲು ಹೋಗಲಿಲ್ಲ.

ಕೆಲವು ವಾರಗಳ ಮೇಲೆ ಫಲಿತಾಂಶ ಬಂದಿತು. ಉತ್ತೀರ್ಣಳಾಗಿದ್ದಳು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿ, ಪ್ರತ್ಯಯಪಟ್ಟಿಯನ್ನು ಗೋಡೆಯಿಂದ ತೆಗೆಯಬಹುದೇ ಎಂದು ಕೇಳಿದಳು. ಇದರಿಂದ ನಾಳೆಯೇ ವಿಮಾನ ಹತ್ತಬಹುದೆಂದು ಯಾರೂ ಭಾವಿಸಬಾರದು. ಇಂಗ್ಲಿಷಿನ ಪರೀಕ್ಷೆ ಬೇರೆಯಿದೆ, ವೀಸಾಕ್ಕೆ ಭಾರತದಲ್ಲಿ ಹುಟ್ಟಿದವರ ಸಾಲು ಬಲು ಉದ್ದ. ಅಕ್ಕ ಈಗಲೂ ಅದೇ ವಾರ್ಡಿನಲ್ಲಿದ್ದಾಳೆ. ಈ ವಾರ ರಾತ್ರಿ ಪಾಳಿ.

ಕೊನೆಯ ಪ್ರಶ್ನೆ ಏನಿತ್ತೆಂದು, ಯಂತ್ರ ಯಾವುದರ ಮೇಲೆ ನಿಶ್ಚಯಿಸಿತೆಂದು ತಿಳಿಯುವ ಆಸೆ ನನಗೆ ಇನ್ನೂ ಇದೆ. ಐದು ತಿಂಗಳು ಸಾವಿರಾರು ಪ್ರಶ್ನೆಗಳನ್ನು ಕೇಳಿದವನು ನಾನು, ಅದೊಂದನ್ನು ಹೇಳಿದರೇನಂತೆ? ಮೊನ್ನೆಯೂ ಕೇಳಿದೆ. ಚಪಾತಿ ಲಟ್ಟಿಸುತ್ತಿದ್ದವಳು ತಲೆಯೆತ್ತದೆ, “ಹೇಳಲ್ಲ ಅಂತ ಒಪ್ಪಿಕೊಂಡಿದೀನಿ ಕಣೋ” ಎಂದಳು.